ಅಪಾಯದ ಮುಂದೆ ಪಾತ್ರದ ಜಾಣತನವನ್ನು ಬರೆಯುವುದು ಹೇಗೆ?

ಮಹಾಭಾರತದ ಆದಿಪರ್ವದಲ್ಲಿ, ವಾರಣಾವತದಲ್ಲಿ ತಮಗಾಗಿ ಕಟ್ಟಿಸಿದ ಹೊಸ ಮನೆಯನ್ನು ಹೊಕ್ಕ ಯುಧಿಷ್ಠಿರ ಅದರ ಅಂದಕ್ಕಿಂತ ಮೊದಲು ಅದರ ವಾಸನೆಯನ್ನು ಗಮನಿಸುತ್ತಾನೆ. ತುಪ್ಪ, ಅರಗು, ಕೊಬ್ಬು ಬೆರೆತ ಆ ವಾಸನೆಯಿಂದ, ಈ ಮನೆಯನ್ನು ಉರಿಯಲೆಂದೇ ಕಟ್ಟಿದ್ದಾರೆ ಎಂಬುದು ಅವನಿಗೆ ಖಚಿತವಾಗುತ್ತದೆ. ಹಾಗಿದ್ದರೆ ಮೊದಲಿದ್ದ ಮನೆಗೇ ಹಿಂದಿರುಗೋಣ ಎನ್ನುತ್ತಾನೆ ಭೀಮ. ಯುಧಿಷ್ಠಿರ ಬೇಡವೆನ್ನುತ್ತಾನೆ. ತಮಗೆ ವಿಷಯ ತಿಳಿದಿದೆ ಎಂಬ ಸುಳಿವು ಸಿಕ್ಕರೆ, ಮನೆ ಕಟ್ಟಿಸಿದ ದುರ್ಯೋಧನನ ಮಂತ್ರಿ ಪುರೋಚನ ಆ ಕ್ಷಣವೇ ಬೆಂಕಿಯಿಡಬಹುದು. ಓಡಿ ತಪ್ಪಿಸಿಕೊಂಡರೂ, ಬೊಕ್ಕಸ, ಅಧಿಕಾರ, ಬೆಂಬಲ ಎಲ್ಲವೂ ಇರುವ ದುರ್ಯೋಧನ ಗೂಢಚಾರರಿಂದ ಹುಡುಕಿಸಿ ಕೊಲ್ಲಿಸಬಹುದು. ಆದ್ದರಿಂದ ಏನೂ ಅರಿಯದವರಂತೆ ಇಲ್ಲೇ ಇರೋಣ, ಹಗಲು ಬೇಟೆಯ ನೆಪದಲ್ಲಿ ಸುತ್ತಲಿನ ದಾರಿಗಳನ್ನು ತಿಳಿದುಕೊಳ್ಳೋಣ, ಒಳಗೊಳಗೇ ಸುರಂಗ ತೋಡೋಣ ಎಂಬುದು ಅವನ ಲೆಕ್ಕಾಚಾರ.

ಪತ್ತೇದಾರಿ ಕಥೆ, ಸಾಹಸ ಕಥೆ, ರೋಚಕ ಕಾದಂಬರಿ ಬರೆಯಲು ಹೊರಟವರು ಈ ಪ್ರಸಂಗವನ್ನು ಪೆನ್ನು ಹಿಡಿದು ಓದಬೇಕು. ವಾಸನೆಯನ್ನು ಗುರುತಿಸಿದ್ದು ಚುರುಕುತನ, ನಿಜ. ಆದರೆ ಓದುಗನಿಗೆ ಯುಧಿಷ್ಠಿರ ಬುದ್ಧಿವಂತನೆಂದು ಮನವರಿಕೆಯಾಗುವುದು ಅವನು ಓಡದೆ ಉಳಿದಾಗ. ಅಪಾಯದ ನಡುವೆ ಎಲ್ಲರ ಕೈಕಾಲುಗಳೂ ಯಾವ ಕಡೆಗೆ ಎಳೆಯುತ್ತವೆಯೋ ಆ ಕಡೆಗೆ ಹೋಗದಂತೆ ತನ್ನನ್ನು ತಡೆದುಕೊಳ್ಳುವ ಪಾತ್ರ, ಹಾಗೆ ತಡೆದುಕೊಳ್ಳಲು ಓದುಗ ಒಪ್ಪುವಂಥ ಕಾರಣವುಳ್ಳ ಪಾತ್ರ, ಜಾಣತನದ ಬಗ್ಗೆ ಲೇಖಕ ಒಂದು ವಿಶೇಷಣವನ್ನೂ ಬಳಸದೆಯೇ ಜಾಣನಾಗಿ ಕಾಣುತ್ತದೆ. ಹೊಸ ಬರಹಗಾರರು ಸಾಮಾನ್ಯವಾಗಿ ನಾಯಕನ ಕೈಯಲ್ಲಿ ಏನು ಮಾಡಿಸಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಅವನು ಏನನ್ನು ಮಾಡದೆ ಬಿಡುತ್ತಾನೆ ಎಂಬುದನ್ನು ಮೊದಲು ನಿರ್ಧರಿಸಿದರೆ ಉಳಿದದ್ದರಲ್ಲಿ ಬಹುಪಾಲು ತಾನಾಗಿ ಒದಗಿ ಬರುತ್ತದೆ.

ಸುಲಭದ ದಾರಿಯನ್ನು ತೋರಿಸಿ, ಅನಂತರ ಮುಚ್ಚಿ

ಗ್ರೀಕ್ ಮಹಾಕಾವ್ಯ ಒಡಿಸ್ಸಿಯ ಒಂಬತ್ತನೆಯ ಸರ್ಗದಲ್ಲಿ ಒಡಿಸ್ಯೂಸ್ ಮತ್ತು ಅವನ ಹನ್ನೆರಡು ಸಂಗಡಿಗರು ಒಕ್ಕಣ್ಣಿನ ದೈತ್ಯ ಪಾಲಿಫೀಮಸ್‌ನ ಗುಹೆಯಲ್ಲಿ ಸಿಕ್ಕಿಬೀಳುತ್ತಾರೆ. ದೈತ್ಯ ಇಬ್ಬರನ್ನು ತಿಂದು ಮಲಗುತ್ತಾನೆ. ಒಡಿಸ್ಯೂಸನ ಸೊಂಟದಲ್ಲಿ ಕತ್ತಿಯಿದೆ, ಎದುರಿಗೆ ನಿದ್ರಿಸುತ್ತಿರುವ ಶತ್ರುವಿದ್ದಾನೆ, ಎಲ್ಲಿ ಇರಿಯಬೇಕೆಂಬುದೂ ಗೊತ್ತಿದೆ. ಕತ್ತಿಗೆ ಕೈಹಾಕಿದವನು ಅಲ್ಲಿಯೇ ನಿಲ್ಲುತ್ತಾನೆ. ಗುಹೆಯ ಬಾಯಿಗೆ ದೈತ್ಯ ಉರುಳಿಸಿಟ್ಟಿರುವ ಬಂಡೆಯನ್ನು ನಾಲ್ಕು ಗಾಲಿಯ 22 ಬಂಡಿಗಳೂ ಕದಲಿಸಲಾರವೆಂದು ಕಾವ್ಯ ಆಗಲೇ ಹೇಳಿರುತ್ತದೆ. ದೈತ್ಯ ಸತ್ತರೆ ಬಂಡೆ ಸರಿಸುವವರಿಲ್ಲದೆ ಎಲ್ಲರೂ ಒಳಗೇ ಸಾಯುತ್ತಾರೆ. ಶತ್ರು ಬದುಕಿರಬೇಕು, ಬಂಡೆಯನ್ನು ಅವನೇ ಸರಿಸಬೇಕು, ಆದರೆ ಸರಿಸುವಾಗ ತಮ್ಮನ್ನು ಕಾಣಬಾರದು. ಈ ಮೂರು ಷರತ್ತುಗಳು ಗೊತ್ತಾದ ಕ್ಷಣದಲ್ಲಿ, ಕುರುಡು ಮಾಡುವುದೊಂದೇ ಪರಿಹಾರವೆಂಬುದು ಲೆಕ್ಕದ ಉತ್ತರದಂತೆ ಹೊರಬೀಳುತ್ತದೆ.

ಇಲ್ಲಿ ಕಲಿಯಬೇಕಾದ ಕ್ರಮ ಸ್ಪಷ್ಟವಾಗಿದೆ. ಓದುಗನಿಗೆ ಹೊಳೆಯುವ ಮೊದಲ ಉಪಾಯ ಪಾತ್ರಕ್ಕೂ ಹೊಳೆಯಬೇಕು. ಅದನ್ನು ಪಾತ್ರ ಗಂಭೀರವಾಗಿ ಪರಿಗಣಿಸಬೇಕು. ಆಮೇಲೆ ಅದು ಏಕೆ ಆಗದೆಂಬುದನ್ನು ಕಣ್ಣೆದುರಿಗಿರುವ ವಸ್ತುವೊಂದರಿಂದ ಕಂಡುಕೊಳ್ಳಬೇಕು. ಓದುಗ "ಫೋನ್ ಮಾಡಬಹುದಿತ್ತಲ್ಲ", "ಹಿಂದಿನ ಬಾಗಿಲಿತ್ತಲ್ಲ" ಎಂದುಕೊಳ್ಳುತ್ತಿರುವಾಗ ನಾಯಕಿ ಬೇರೇನೋ ಸಾಹಸ ಮಾಡುತ್ತಿದ್ದರೆ, ಆ ಸಾಹಸ ಎಷ್ಟೇ ದೊಡ್ಡದಿರಲಿ, ಅವಳು ಓದುಗನಿಗಿಂತ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತಾಳೆ. ಮೊಬೈಲಿನ ಪ್ರಶ್ನೆ ಇಂದಿನ ಕಥೆಗಾರರ ದೊಡ್ಡ ತಲೆನೋವು. ಮಲೆನಾಡಿನ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲವೆಂಬುದು ಸತ್ಯ, ಆದರೆ ಆ ಸತ್ಯ ಖಳನಾಯಕ ಬಾಗಿಲು ಒಡೆಯುವ ಪುಟದಲ್ಲಿ ಮೊದಲ ಬಾರಿಗೆ ಬಂದರೆ ಯಾರೂ ನಂಬುವುದಿಲ್ಲ. ಸಂಕ ದಾಟಿ ದಿಣ್ಣೆಯ ಮೇಲೆ ನಿಂತರೆ ಮಾತ್ರ ಸಿಗ್ನಲ್ ಬರುತ್ತದೆಂಬುದನ್ನು ಮೂವತ್ತು ಪುಟಗಳ ಹಿಂದೆ, ಅತ್ತೆಗೆ ಮದುವೆಯ ಸುದ್ದಿ ಹೇಳಲು ಯಾರೋ ಅಲ್ಲಿಗೆ ಏದುಸಿರು ಬಿಡುತ್ತ ಹತ್ತಿದಾಗಲೇ ತೋರಿಸಿಬಿಡಿ.

ಪರಿಹಾರಕ್ಕೆ ಬೇಕಾದ ಸಾಮಗ್ರಿಯೂ ಹಾಗೆಯೇ ಮೊದಲೇ ಕಥೆಯೊಳಗೆ ಬಂದಿರಬೇಕು. ಒಡಿಸ್ಯೂಸ್ ದೈತ್ಯನಿಗೆ ಕುಡಿಸುವ ಮದ್ಯ ಗುಹೆಯಲ್ಲಿ ಸಿಕ್ಕಿದ್ದಲ್ಲ. ಹಡಗಿನಿಂದ ಇಳಿಯುವಾಗಲೇ, ಕಾಡುಮನುಷ್ಯರಾರೋ ಎದುರಾದಾರೆಂಬ ಅನುಮಾನದಿಂದ ಅವನು ಅದನ್ನು ಹೊತ್ತು ತಂದಿರುತ್ತಾನೆ. ಕಣ್ಣು ಚುಚ್ಚಲು ಬಳಸುವ ಆಲಿವ್ ಮರದ ಬೊಡ್ಡೆ ದೈತ್ಯನದೇ. ಹೊರಬರಲು ನೆರವಾಗುವ ಟಗರುಗಳೂ ಅವನವೇ. ಶತ್ರುವಿನ ಮನೆಯ ಸಾಮಾನಿನಿಂದಲೇ ಶತ್ರುವನ್ನು ಸೋಲಿಸುವ ಉಪಾಯಕ್ಕೆ ವಿಶೇಷ ರುಚಿಯಿದೆ, ಏಕೆಂದರೆ ಆ ಸಾಮಾನುಗಳನ್ನು ಓದುಗನೂ ನೋಡಿರುತ್ತಾನೆ, ನೋಡಿಯೂ ಅವನಿಗೆ ಹೊಳೆದಿರುವುದಿಲ್ಲ.

ಅಪಾಯದ ಸ್ವಭಾವ ಗೊತ್ತಿಲ್ಲದೆ ಬರೆಯಬೇಡಿ

ಪಾತ್ರ ಜಾಣನಾಗಬೇಕಾದರೆ ಅಪಾಯ ನಿಜವಾದ ನಿಯಮಗಳ ಪ್ರಕಾರ ವರ್ತಿಸಬೇಕು. ಬೆಂಕಿ, ನೀರು, ವಿಷ, ಅನಿಲ, ಪ್ರಾಣಿ, ಮನುಷ್ಯ ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ನಡೆಯಿದೆ. ಬರೆಯುವವರಿಗೆ ಆ ನಡೆ ಗೊತ್ತಿಲ್ಲದಿದ್ದರೆ ನಾಯಕನ ಜಾಣತನ ತಿಳಿದವರ ಕಣ್ಣಿಗೆ ಪೆದ್ದುತನವಾಗಿ ಕಾಣುತ್ತದೆ. ನಮ್ಮ ಕಥೆಗಳಲ್ಲಿ ಹಾವು ಕಚ್ಚಿದ ಕೂಡಲೇ ಗಾಯವನ್ನು ಕೊಯ್ದು ಬಾಯಿಂದ ರಕ್ತ ಹೀರಿ ಉಗುಳುವ ನಾಯಕ ಎಷ್ಟು ಸಲ ಬಂದಿದ್ದಾನೋ ಲೆಕ್ಕವಿಲ್ಲ. ವೈದ್ಯರು ಹೇಳುವುದು ಇದಕ್ಕೆ ವಿರುದ್ಧವಾಗಿದೆ: ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗವನ್ನು ಅಲುಗಾಡಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಬೇಗ ಸಾಗಿಸಬೇಕು. ಕಟ್ಟು ಹಾವು ರಾತ್ರಿ ಮಲಗಿದವರನ್ನು ಕಚ್ಚುವುದುಂಟು, ಆ ಕಡಿತ ಹಲವು ಸಲ ನೋಯುವುದೇ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಮಗುವಿನ ರೆಪ್ಪೆಗಳು ಜೋಲುತ್ತಿರುವುದನ್ನು ಕಂಡು, ನೆಲದ ಮೇಲಿನ ಹಾಸಿಗೆಯತ್ತ ಒಮ್ಮೆ ನೋಡಿ, ಓಮದ ಕಷಾಯ ಕಾಯಿಸುತ್ತಿರುವ ಅಜ್ಜಿಯನ್ನು ತಡೆದು ಆಟೋ ಕರೆಸುವ ತಾಯಿ ಕತ್ತಿಯಿಂದ ಗಾಯ ಕೊಯ್ಯುವ ನಾಯಕನಿಗಿಂತ ನೂರು ಪಾಲು ಜಾಣೆ.

ಅಡುಗೆ ಅನಿಲದ ವಿಷಯವೂ ಇಂಥದ್ದೇ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದಾಗ ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲದ ಕಾರಣ ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟಾನ್ ಎಂಬ ನಾರುವ ರಾಸಾಯನಿಕವನ್ನು ಬೆರೆಸಿರುತ್ತಾರೆ. ಕತ್ತಲ ಅಡುಗೆಮನೆಗೆ ಬಂದವಳ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆಗೇ ಹೋಗುತ್ತದೆ. ಅದು ಅರ್ಧ ದಾರಿಯಲ್ಲಿ ನಿಲ್ಲುವುದೇ ಇಡೀ ದೃಶ್ಯ. ಸ್ವಿಚ್ಚು ಹಾಕಿದರೂ ಕಿಡಿ, ಆರಿಸಿದರೂ ಕಿಡಿ ಎಂಬುದು ತಿಳಿದವಳಾದರೆ, ಉರಿಯುತ್ತಿರುವ ಹಜಾರದ ದೀಪವನ್ನೂ ಅವಳು ಹಾಗೆಯೇ ಬಿಟ್ಟು, ತಡಕಾಡುತ್ತ ಹೋಗಿ ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿಗಳನ್ನು ತೆರೆಯುತ್ತಾಳೆ.

ಪ್ರವಾಹದಲ್ಲಿ ಬಿದ್ದವನ ಕಥೆಗೂ ಇದೇ ಮಾತು. ವೇಗದ ನೀರಿನಲ್ಲಿ ನೆಲ ಸಿಕ್ಕಿತೆಂದು ನಿಲ್ಲಲು ಹೋದರೆ ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಂಡು ನೀರು ಮೈಮೇಲೆ ಹಾಯುತ್ತದೆ. ನದಿಯನ್ನು ಬಲ್ಲವರು ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ತೇಲುತ್ತಲೇ ಓರೆಯಾಗಿ ದಡದ ಕಡೆಗೆ ಸರಿಯುತ್ತಾರೆ.

ಒಂದು ಬಾವಿಯ ದೃಶ್ಯ

ಈಗ ಒಂದು ದೃಶ್ಯವನ್ನು ಕಟ್ಟಿ ನೋಡೋಣ. ಬೇಸಿಗೆ. ನೀರು ಇಳಿದುಹೋಗಿರುವ ಹಳೆಯ ಬಾವಿಯ ಹೂಳೆತ್ತಲು ಅಣ್ಣತಮ್ಮಂದಿರು ಡೀಸೆಲ್ ಪಂಪನ್ನು ಬಾವಿಯ ಒಳಗಿನ ಅಟ್ಟಣೆಯ ಮೇಲೆ ಇಟ್ಟಿದ್ದಾರೆ. ಎಂಜಿನ್ ನಿಲ್ಲಿಸಲು ಇಳಿದ ತಮ್ಮ ಶಿವಣ್ಣ ಅಟ್ಟಣೆಯ ಮೇಲೆಯೇ ಕುಸಿದಿದ್ದಾನೆ. ಅಣ್ಣ ರಂಗಪ್ಪ, ಅವನ ಹೆಂಡತಿ ಗೌರಮ್ಮ ಮತ್ತು ಮಗಳು ಪುಟ್ಟಿ ಮೇಲಿದ್ದಾರೆ. ಬಾವಿಗಳಲ್ಲಿ, ಗುಂಡಿಗಳಲ್ಲಿ ಒಬ್ಬರ ಹಿಂದೊಬ್ಬರು ಸಾಯುವುದು ಹೀಗೆಯೇ: ಮೊದಲನೆಯವನನ್ನು ಉಳಿಸಲು ಎರಡನೆಯವನು ಇಳಿಯುತ್ತಾನೆ, ಅವನನ್ನು ಉಳಿಸಲು ಮೂರನೆಯವನು. ಹಾಗಾಗಿ ಇಲ್ಲಿ ಅತ್ಯಂತ ಸಹಜವಾದ, ಅತ್ಯಂತ ಪ್ರೀತಿಯ ಕೆಲಸವೇ ಸಾವಿನ ಕೆಲಸ. ತಡೆಯುವವರು ಕಲ್ಲುಮನಸ್ಸಿನವರಂತೆ ಕಾಣುತ್ತಾರೆ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ.

ದುರ್ಬಲವಾಗಿ ಬರೆದರೆ ಹೀಗಿರುತ್ತದೆ: "ಗೌರಮ್ಮ ಚುರುಕು ಬುದ್ಧಿಯವಳು. ಬಾವಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದೆಯೆಂದು ಅವಳಿಗೆ ತಕ್ಷಣ ಹೊಳೆಯಿತು. ಕೂಡಲೇ ಒಂದು ಉಪಾಯ ಮಾಡಿ ಮೈದುನನನ್ನು ಮೇಲೆತ್ತಿಸಿದಳು." ಇಲ್ಲಿ ಹೊಳೆದದ್ದು ಗೌರಮ್ಮನಿಗಲ್ಲ, ಲೇಖಕನಿಗೆ.

ಅದೇ ದೃಶ್ಯವನ್ನು ಸಿದ್ಧತೆಯೊಂದಿಗೆ ಬರೆಯೋಣ. ಹಿಂದಿನ ಪುಟಗಳಲ್ಲಿ ಮೂರು ಸಣ್ಣ ಸಂಗತಿಗಳು ಬಂದುಹೋಗಿವೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬಾವಿಯಿಂದ ಮೇಲೆ ಬಂದ ರಂಗಪ್ಪ ತಲೆ ಸಿಡಿಯುತ್ತಿದೆಯೆಂದು ಒಂದು ಲೋಟ ಮಜ್ಜಿಗೆ ಕುಡಿದಿದ್ದಾನೆ. ಬಾವಿಗೆ ಇಳಿಯುವ ಮೊದಲು ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುವ ಹಿರಿಯರ ರೂಢಿಯನ್ನು ಅವನು ಪಾಲಿಸಿದ್ದಾನೆ. ಕಥೆಯ ಮೊದಲ ಭಾಗದಲ್ಲಿ, ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತುವಾಗ ಗೌರಮ್ಮ ಕೊಕ್ಕೆ ತಾಗಿ ಕೈ ಗೀರಿಕೊಂಡಿದ್ದಾಳೆ. ಈಗ ದೃಶ್ಯ:

ರಂಗಪ್ಪ ಪಂಚೆ ಎತ್ತಿ ಕಟ್ಟಿ ಹಗ್ಗಕ್ಕೆ ಕೈಹಾಕಿದ. ಗೌರಮ್ಮ ಅಡ್ಡ ಬಂದಳು.

"ಇಳೀಬೇಡಿ."

"ಬಿಡೇ. ನನ್ನ ತಮ್ಮ ಕಣೇ ಅವನು."

"ಬೆಳಿಗ್ಗೆ ಮೇಲೆ ಬಂದಾಗ ತಲೆ ಸಿಡೀತದೆ ಅಂದ್ರಲ್ಲ. ಆಗಿನ್ನೂ ಎಂಜಿನ್ನು ಹಾಕಿ ಅರ್ಧ ಗಂಟೆ ಆಗಿರಲಿಲ್ಲ."

"ದೀಪ ಉರೀತಾ ಇದೆ ನೋಡು ಕೆಳಗೆ! ಗಾಳಿ ಇದೆ."

"ದೀಪಕ್ಕೆ ತಲೆನೋವು ಬರಲ್ಲ."

ಅವನು ಅವಳನ್ನು ಪಕ್ಕಕ್ಕೆ ತಳ್ಳಿದ. ಅವಳು ಎದ್ದುಬಂದು ಹಗ್ಗದ ಸುರುಳಿಯ ಮೇಲೆಯೇ ಕುಳಿತುಬಿಟ್ಟಳು. ಅವನು ಕೈ ಎತ್ತಿದ. ಅವಳು ಕದಲಲಿಲ್ಲ. "ಪುಟ್ಟಿ, ಮನೆಗೆ ಓಡು, ಪಾತಾಳಗರಡಿ ತಗೊಂಬಾ. ದಾರೀಲಿ ಯಾರು ಸಿಕ್ಕಿದ್ರೂ ಕೂಗು, ಫೈರ್ ಆಫೀಸಿಗೆ ಫೋನ್ ಮಾಡ್ಸು."

ಗೌರಮ್ಮನಿಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆಮ್ಲಜನಕ ಬಹಳ ಕಡಿಮೆಯಾದಲ್ಲಿ ದೀಪ ಆರುತ್ತದೆ, ಆದ್ದರಿಂದ ಹಿರಿಯರ ಪರೀಕ್ಷೆಗೆ ಅರ್ಥವಿದೆ. ಆದರೆ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಮನುಷ್ಯನನ್ನು ಕೊಲ್ಲುವಷ್ಟಿದ್ದಾಗಲೂ ದೀಪ ಉರಿಯುತ್ತಲೇ ಇರಬಹುದು. ಅವಳ ಬಳಿಯಿರುವುದು ಗಂಡನ ಬೆಳಗಿನ ತಲೆನೋವು ಮತ್ತು ಎಂಜಿನ್ ಓಡಿದ ಹೊತ್ತು ಎಂಬ ಎರಡೇ ಸಂಗತಿಗಳು. ಅವೆರಡನ್ನು ಜೋಡಿಸಿ, ಎಲ್ಲರೂ ನಂಬುವ ಪರೀಕ್ಷೆಯನ್ನು ಅನುಮಾನಿಸುತ್ತಾಳೆ. ಓದುಗನ ಕೈಯಲ್ಲಿಯೂ ಅವೇ ಎರಡು ಸಂಗತಿಗಳಿದ್ದವು. ಅವನು ಜೋಡಿಸಿರಲಿಲ್ಲ.

ಇನ್ನೊಂದನ್ನು ಗಮನಿಸಿ: ಗರಡಿ ಬರುವವರೆಗೆ ಅವಳು ಸುಮ್ಮನಿರುವುದಿಲ್ಲ. ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಲು ಗಂಡನಿಗೆ ಹೇಳುತ್ತಾಳೆ. ಅದರಿಂದ ಎಷ್ಟು ಉಪಯೋಗವಾದೀತೆಂಬುದು ಅವಳಿಗೂ ಖಚಿತವಿಲ್ಲ, ಆದರೆ ಇಳಿಯಲು ಹೊರಟ ಕೈಗಳಿಗೆ ಕೆಲಸ ಕೊಡಬೇಕೆಂಬುದು ಗೊತ್ತಿದೆ. ಅಪಾಯವನ್ನು ಅಳೆಯುವ ಬುದ್ಧಿಯ ಜೊತೆಗೆ ಪಕ್ಕದಲ್ಲಿರುವ ಮನುಷ್ಯನನ್ನು ಅಳೆಯುವ ಬುದ್ಧಿಯೂ ಸೇರಿದಾಗ ಪಾತ್ರಕ್ಕೆ ಮೈ ತುಂಬುತ್ತದೆ.

ಕಸುಬು ಕಲಿಸಿದ ಕಣ್ಣು

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ದಳದ ನಾಯಕರು ತೀರ್ಮಾನ ಕೈಗೊಳ್ಳುವ ರೀತಿಯನ್ನು ಅಧ್ಯಯನ ಮಾಡಿದರು. ಅನುಭವಿಗಳು ನಾಲ್ಕಾರು ಆಯ್ಕೆಗಳನ್ನು ಎದುರಿಗಿಟ್ಟುಕೊಂಡು ತೂಗಿ ನೋಡುತ್ತಾರೆಂಬ ನಿರೀಕ್ಷೆ ಸುಳ್ಳಾಯಿತು. ಪರಿಸ್ಥಿತಿಯನ್ನು ಕಂಡೊಡನೆ ಅದು ಯಾವ ಬಗೆಯದೆಂದು ಅವರು ಗುರುತಿಸುತ್ತಿದ್ದರು, ಮೊದಲು ಹೊಳೆದ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡುತ್ತಿದ್ದರು, ಎಡವುವುದು ಕಂಡರೆ ಮಾತ್ರ ಮುಂದಿನದಕ್ಕೆ ಹೋಗುತ್ತಿದ್ದರು. ಕ್ಲೈನ್ ದಾಖಲಿಸಿದ ಒಂದು ಪ್ರಸಂಗ ಕಥೆಗಾರರಿಗೆ ತುಂಬ ಉಪಯುಕ್ತ. ಮನೆಯೊಂದರ ಅಡುಗೆಕೋಣೆಯ ಬೆಂಕಿಗೆ ನೀರು ಹಾಯಿಸುತ್ತಿದ್ದ ದಳದ ನಾಯಕನಿಗೆ ಏನೋ ಸರಿಯಿಲ್ಲವೆನಿಸುತ್ತದೆ: ನೀರಿಗೆ ಬೆಂಕಿ ಬಗ್ಗುತ್ತಿಲ್ಲ, ಕೋಣೆ ಇರಬೇಕಾದದ್ದಕ್ಕಿಂತ ಹೆಚ್ಚು ಬಿಸಿಯಾಗಿದೆ, ಸದ್ದು ಇರಬೇಕಾದದ್ದಕ್ಕಿಂತ ಕಡಿಮೆಯಿದೆ. ಕಾರಣ ಹೇಳಲಾಗದೆಯೂ ಅವನು ಎಲ್ಲರನ್ನೂ ಹೊರಗೆ ಕರೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಅವರು ನಿಂತಿದ್ದ ನೆಲ ಕುಸಿಯುತ್ತದೆ; ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ.

ಬೆಂಕಿಯ ಮನೆಯಲ್ಲಿ ಸದ್ದಿನ ಕೊರತೆಯನ್ನು ಗಮನಿಸಬಲ್ಲವನು ನೂರಾರು ಬೆಂಕಿಗಳ ಸದ್ದು ಕೇಳಿದವನು ಮಾತ್ರ. ಆದ್ದರಿಂದ ಪಾತ್ರಕ್ಕೆ ಸಾಮಾನ್ಯ ಬುದ್ಧಿವಂತಿಕೆಯನ್ನು ಹಂಚಬೇಡಿ, ಅದರ ಕಸುಬಿನ ಕಣ್ಣನ್ನು ಕೊಡಿ. ದೋಣಿ ನಡೆಸುವ ಅಂಬಿಗ ನೀರಿನ ಬಣ್ಣ ಬದಲಾದದ್ದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆಯೆಂದು ತಿಳಿಯುತ್ತಾನೆ. ಅಡಿಕೆ ಮರ ಹತ್ತಿ ಕೊನೆ ಇಳಿಸುವವನಿಗೆ ತನ್ನ ಭಾರಕ್ಕೆ ಯಾವ ಮರ ಎಷ್ಟು ಬಾಗುತ್ತದೆಂಬುದು ಅಂಗಾಲಿನಲ್ಲೇ ಗೊತ್ತು. ಬಸ್ ಕಂಡಕ್ಟರನಿಗೆ ಹತ್ತಿದವರೆಷ್ಟು, ಇಳಿದವರೆಷ್ಟು, ಚೀಲ ಬಿಟ್ಟು ಇಳಿದವನು ಯಾರು ಎಂಬುದು ಗಮನಿಸದೆಯೇ ಗಮನಕ್ಕೆ ಬಂದಿರುತ್ತದೆ. ಇದೇ ಕಂಡಕ್ಟರ್ ನೀರಿಗೆ ಬಿದ್ದಾಗ ತಬ್ಬಿಬ್ಬಾಗಲಿ. ಒಂದು ಕ್ಷೇತ್ರದಲ್ಲಿ ಜಾಣನಾದವನು ಇನ್ನೊಂದರಲ್ಲಿ ದಡ್ಡನಾಗಿದ್ದರೆ ಅವನ ಜಾಣತನ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ಎಲ್ಲವನ್ನೂ ಬಲ್ಲ ನಾಯಕನ ಬಗ್ಗೆ ನನಗೆ ವೈಯಕ್ತಿಕವಾಗಿ ಆತಂಕವೇ ಹುಟ್ಟುವುದಿಲ್ಲ, ಆತಂಕವಿಲ್ಲದ ಕಡೆ ರೋಚಕತೆಗೆ ಏನು ಕೆಲಸ?

ಎದುರಾಳಿಯನ್ನು ದಡ್ಡನನ್ನಾಗಿ ಮಾಡಬೇಡಿ

ಪುರೋಚನ ಮೂರ್ಖನಲ್ಲ. ಪಾಂಡವರು ಬಂದ ರಾತ್ರಿಯೇ ಬೆಂಕಿಯಿಟ್ಟರೆ ಜನ ಅನುಮಾನಿಸುತ್ತಾರೆಂದು ತಿಳಿದು, ಅವರಲ್ಲಿ ನಂಬಿಕೆ ಹುಟ್ಟಿಸಿ, ಆಕಸ್ಮಿಕವೆನಿಸುವ ಹೊತ್ತಿಗಾಗಿ ಕಾಯುತ್ತಾನೆ. ಒಂದು ವರ್ಷದಷ್ಟು ಕಾಲ ಇಬ್ಬರೂ ಒಂದೇ ಸೂರಿನ ಆಸುಪಾಸಿನಲ್ಲಿ, ಒಬ್ಬರನ್ನೊಬ್ಬರು ನಂಬಿದಂತೆ ನಟಿಸುತ್ತ ಕಳೆಯುತ್ತಾರೆ. ಪುರೋಚನನ ತಾಳ್ಮೆಯೇ ಯುಧಿಷ್ಠಿರನಿಗೆ ಸುರಂಗ ತೋಡಿಸಲು ಸಮಯ ಕೊಡುತ್ತದೆ. ಎದುರಾಳಿಯ ದೌರ್ಬಲ್ಯವನ್ನು ಅವನ ಪೆದ್ದುತನದಲ್ಲಿ ಹುಡುಕದೆ ಅವನ ಬಲದೊಳಗೇ ಹುಡುಕುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಸಾವಿತ್ರಿಯ ಕಥೆಯಲ್ಲಿ ಇದು ಇನ್ನೂ ಸೂಕ್ಷ್ಮವಾಗಿದೆ. ಯಮನೊಂದಿಗೆ ಬಲ ಸಾಗದು, ಮೋಸ ಸಾಗದು. ಅವನು ಧರ್ಮರಾಜ, ಕೊಟ್ಟ ಮಾತಿಗೆ ತಪ್ಪುವವನಲ್ಲ, ಒಳ್ಳೆಯ ಮಾತಿಗೆ ಒಲಿಯುವವನು. ಅವಳು ಅವನ ಈ ಗುಣಗಳ ಮೇಲೆಯೇ ಹೆಜ್ಜೆಯಿಡುತ್ತಾಳೆ. ಗಂಡನ ಪ್ರಾಣವೊಂದನ್ನು ಬಿಟ್ಟು ಏನಾದರೂ ಕೇಳು ಎಂದಾಗ ಮೊದಲು ಮಾವನ ಕಣ್ಣು, ಆಮೇಲೆ ಮಾವನ ರಾಜ್ಯ, ಆಮೇಲೆ ತಂದೆಗೆ ನೂರು ಗಂಡುಮಕ್ಕಳು, ಆಮೇಲೆ ಸತ್ಯವಾನನಿಂದಲೇ ತನಗೆ ನೂರು ಮಕ್ಕಳು. ಐದನೆಯ ಸಲ ಯಮ ಷರತ್ತು ಹಾಕದೆ ವರ ಕೊಟ್ಟಾಗ ಅವಳು ಗಂಡನ ಪ್ರಾಣವನ್ನು ಕೇಳುತ್ತಾಳೆ. ಅವನಿಲ್ಲದಿದ್ದರೆ ಯಮ ಆಗಲೇ ಕೊಟ್ಟ ವರ ಸುಳ್ಳಾಗುತ್ತದೆ. ಮೊದಲ ಬಾರಿಗೇ ಪ್ರಾಣ ಬೇಡಿ ಅತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ನಾಯಕನಿಗೆ ಎದುರಾಳಿಯ ಪ್ರತಿಯೊಂದು ನಡೆಯೂ ಮೊದಲೇ ಗೊತ್ತಿರುವಂತೆ ಬರೆಯುವ ಚಟವೊಂದಿದೆ. ಅವನು ಎಡಕ್ಕೇ ತಿರುಗುತ್ತಾನೆಂದು ನನಗೆ ಗೊತ್ತಿತ್ತು ಎಂದು ಕೊನೆಯಲ್ಲಿ ನಾಯಕ ನಗುತ್ತಾನೆ. ಹೇಗೆ ಗೊತ್ತಿತ್ತು? ಮನುಷ್ಯ ಎಡಕ್ಕೆ ತಿರುಗಲೂಬಹುದು, ಬಲಕ್ಕೆ ತಿರುಗಲೂಬಹುದು. ಎರಡಕ್ಕೂ ಒದಗುವ ಉಪಾಯವನ್ನು ಕಟ್ಟಿದವನು ಜಾಣ.

ಮಾತು ಮತ್ತು ವಾಕ್ಯದ ನಡಿಗೆ

2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಹೊರಟ ವಿಮಾನದ ಎರಡೂ ಎಂಜಿನ್‌ಗಳು ಹಕ್ಕಿಗಳ ಹಿಂಡಿಗೆ ಡಿಕ್ಕಿ ಹೊಡೆದು ನಿಷ್ಕ್ರಿಯವಾದವು. ಹಡ್ಸನ್ ನದಿಯ ಮೇಲೆ ಇಳಿಯುವವರೆಗೆ ಕ್ಯಾಪ್ಟನ್ ಸಲೆನ್‌ಬರ್ಗರ್ ಅವರಿಗಿದ್ದ ಕಾಲ 208 ಸೆಕೆಂಡುಗಳು. ಒಳಗಿದ್ದ 155 ಜನರೂ ಉಳಿದರು. ನಿಯಂತ್ರಣ ಕೊಠಡಿಯವರು ರನ್‌ವೇಗಳನ್ನು ಸೂಚಿಸಿದಾಗ ಅವರು ಕೊಟ್ಟ ಉತ್ತರಗಳು, ಆಗುವುದಿಲ್ಲ ಎಂಬ ಒಂದೆರಡು ಪದಗಳಷ್ಟೇ. ಕೈಪಿಡಿಯ ಪಟ್ಟಿಯಲ್ಲಿ ಬಹಳ ಕೆಳಗೆ ಬರುವ ಸಹಾಯಕ ವಿದ್ಯುತ್ ಘಟಕವನ್ನು ಅವರು ಆರಂಭದಲ್ಲೇ ಚಾಲೂ ಮಾಡಿದ್ದರು, ಅದರ ಬಗ್ಗೆ ಆಗ ಯಾರಿಗೂ ವಿವರಿಸಲಿಲ್ಲ. ನಮ್ಮ ಕಥೆಗಳ ನಾಯಕರಾದರೋ ಬಂದೂಕಿನ ಮುಂದೆ ನಿಂತು ಇಡೀ ಯೋಜನೆಯನ್ನು ಅಲಂಕಾರಗಳೊಂದಿಗೆ ವಿವರಿಸುತ್ತಾರೆ. ಅಪಾಯದಲ್ಲಿರುವ ಜಾಣರ ಮಾತು ಕೆಲಸಕ್ಕೆ ಬೇಕಾದಷ್ಟೇ ಇರುತ್ತದೆ: ಯಾರು, ಏನು, ಎಲ್ಲಿ. ವಿವರಣೆ ಬೇಕಿದ್ದರೆ ದೃಶ್ಯ ಮುಗಿದ ಮೇಲೆ, ಕೈ ನಡುಗಲು ಆರಂಭಿಸಿದಾಗ ಬರಲಿ.

ವಾಕ್ಯರಚನೆಯಲ್ಲಿ ಕನ್ನಡ ಕೊಡುವ ಒಂದು ಅನುಕೂಲವನ್ನು ಬಳಸಿಕೊಳ್ಳಿ. "ಅವಳು ಓಡಿ ಬಂದು ಮೆಟ್ಟಿಲು ಹತ್ತಿ ಬಾಗಿಲು ದೂಡಿ ಒಳಗೆ ನುಗ್ಗಿದಳು" ಎಂಬಲ್ಲಿ ಅಪೂರ್ಣ ಕ್ರಿಯಾಪದಗಳು ಒಂದನ್ನೊಂದು ತಳ್ಳಿಕೊಂಡು ಹೋಗುತ್ತವೆ; ಯೋಚಿಸಲು ಬಿಡುವಿಲ್ಲದ, ಮೈಯೇ ಮುಂದಾಗಿ ನಡೆಯುವ ಗಾಬರಿಗೆ ಇದು ಒಪ್ಪುತ್ತದೆ. "ಅವಳು ಮೆಟ್ಟಿಲು ಹತ್ತಿದಳು. ಬಾಗಿಲ ಮೇಲೆ ಕೈಯ ಹಿಂಬದಿಯನ್ನು ಇಟ್ಟಳು. ಬಿಸಿಯಿತ್ತು. ತೆರೆಯಲಿಲ್ಲ" ಎಂದಾಗ ಪ್ರತಿ ಪೂರ್ಣವಿರಾಮವೂ ಒಂದು ತೀರ್ಮಾನವಾಗುತ್ತದೆ. ಗಾಬರಿಯ ಸರಪಳಿ ವಾಕ್ಯದಿಂದ ತುಂಡು ವಾಕ್ಯಕ್ಕೆ ಬದಲಾಗುವ ಜಾಗವೇ ಪಾತ್ರ ತನ್ನ ಬುದ್ಧಿಯನ್ನು ಮರಳಿ ಪಡೆದ ಜಾಗ. ಅಲ್ಲಿ "ಅವಳು ಸಾವರಿಸಿಕೊಂಡಳು" ಎಂದು ಬೇರೆ ಬರೆಯುವ ಅಗತ್ಯವಿಲ್ಲ.

ಜಾಣತನಕ್ಕೆ ತೆರುವ ಬೆಲೆ

1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಕಾಡ್ಗಿಚ್ಚು ಆರಿಸಲು ಇಳಿದಿದ್ದ ತಂಡವನ್ನು ಬೆಂಕಿ ಹುಲ್ಲಿನ ಇಳಿಜಾರಿನಲ್ಲಿ ಅಟ್ಟಿಸಿಕೊಂಡು ಬಂತು. ತಂಡದ ನಾಯಕ ವ್ಯಾಗ್ ಡಾಜ್ ಓಡುವುದನ್ನು ನಿಲ್ಲಿಸಿ, ಕಡ್ಡಿ ಗೀರಿ, ತನ್ನೆದುರಿನ ಹುಲ್ಲಿಗೆ ತಾನೇ ಬೆಂಕಿಯಿಟ್ಟು, ಅದು ಸುಟ್ಟು ಮುಂದೆ ಸಾಗಿದ ಬೂದಿಯ ಮೇಲೆ ಮಲಗಿದರು. ಸುಡಲು ಏನೂ ಉಳಿದಿರದ ಆ ಜಾಗವನ್ನು ದೊಡ್ಡ ಬೆಂಕಿ ಬಳಸಿಕೊಂಡು ಹೋಯಿತು. ಜೊತೆಗಾರರನ್ನೂ ಅಲ್ಲಿಗೆ ಕರೆದರು. ಬೆಂಕಿಯಿಂದ ಓಡುತ್ತಿರುವವರಿಗೆ ಬೆಂಕಿ ಹಚ್ಚುವವನು ಹುಚ್ಚನಂತೆ ಕಂಡಿರಬೇಕು, ಯಾರೂ ಬರಲಿಲ್ಲ. 13 ಮಂದಿ ಸತ್ತರು. ಡಾಜ್ ಉಳಿದರು, ದಿಬ್ಬದ ಬಂಡೆಗಳ ಸಂದಿಯಿಂದ ಪಾರಾದ ಇನ್ನಿಬ್ಬರು ಉಳಿದರು. ಸರಿಯಾದ ಉಪಾಯ ಹೊಳೆದೂ ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದ ಸ್ಥಿತಿ ಕಾದಂಬರಿಗೆ ಬಹಳ ಫಲವತ್ತಾದದ್ದು. ಜಾಣ ಪಾತ್ರವನ್ನು ಗೆಲ್ಲಿಸಿ, ಆದರೆ ಗೆಲುವು ಎಲ್ಲರನ್ನೂ ತಲುಪಬೇಕೆಂದು ಹಟ ಹಿಡಿಯಬೇಡಿ.

ಅರಗಿನ ಮನೆಯ ಕೊನೆಯಂತೂ ಇನ್ನೂ ಇರಿಯುವಂಥದ್ದು. ಕುಂತಿ ಊಟ ಹಾಕಿಸಿದ ರಾತ್ರಿ ಉಣ್ಣಲು ಬಂದ ನಿಷಾದ ಹೆಂಗಸೊಬ್ಬಳು ಮತ್ತು ಅವಳ ಐವರು ಮಕ್ಕಳು ಕುಡಿದು ಅಲ್ಲಿಯೇ ಮಲಗುತ್ತಾರೆ. ಭೀಮ ಬೆಂಕಿಯಿಡುತ್ತಾನೆ. ಪಾಂಡವರು ಸುರಂಗದಿಂದ ಹೊರಟುಹೋಗುತ್ತಾರೆ, ಬೂದಿಯಲ್ಲಿ ಸಿಕ್ಕ ಆರು ದೇಹಗಳು ಪಾಂಡವರೂ ಕುಂತಿಯೂ ಸತ್ತರೆಂದು ಊರನ್ನು ನಂಬಿಸುತ್ತವೆ. ಉಪಾಯ ಸಂಪೂರ್ಣ ಫಲಿಸಿತು. ಕಾವ್ಯ ಆ ಆರು ಜನರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂದು ಬರೆಯುವವರು ಹೇಳದೆ ದಾಟಿಹೋಗಲು ಬರುವುದಿಲ್ಲ. ಒಡಿಸ್ಯೂಸನ ಬೆಲೆ ಬೇರೆ ಬಗೆಯದು: ತನ್ನ ಹೆಸರು "ಯಾರೂ ಅಲ್ಲ" ಎಂದು ಹೇಳಿ ದೈತ್ಯನನ್ನು ವಂಚಿಸಿದವನೇ ಹಡಗು ಹತ್ತಿದ ಮೇಲೆ ಹೆಮ್ಮೆ ತಡೆಯಲಾರದೆ ತನ್ನ ನಿಜನಾಮವನ್ನು ಕೂಗಿ ಹೇಳುತ್ತಾನೆ, ಆ ಹೆಸರು ಹಿಡಿದೇ ಪಾಲಿಫೀಮಸ್ ತಂದೆ ಸಮುದ್ರದೇವನಲ್ಲಿ ಶಾಪ ಬೇಡುತ್ತಾನೆ. ಗುಹೆಯಲ್ಲಿ ಕತ್ತಿಯನ್ನು ತಡೆದುಕೊಂಡವನು ಹಡಗಿನಲ್ಲಿ ನಾಲಿಗೆಯನ್ನು ತಡೆದುಕೊಳ್ಳಲಾರದೆ ಹೋದ. ಒಂದೇ ಮನುಷ್ಯನ ಎರಡೂ ಗುಣಗಳು ಒಂದೇ ಸರ್ಗದಲ್ಲಿವೆ.

ಗೌರಮ್ಮನ ದೃಶ್ಯವನ್ನೂ ಇಲ್ಲಿಯವರೆಗೆ ಬೆಳೆಸಬಹುದು. ಪಾತಾಳಗರಡಿಯ ಒಂದು ಕೊಕ್ಕೆ ಶಿವಣ್ಣನ ಬೆಲ್ಟಿಗೆ, ಇನ್ನೊಂದು ಅವನ ಭುಜದ ಮಾಂಸಕ್ಕೆ ಸಿಕ್ಕಿಕೊಳ್ಳುತ್ತದೆ. ಎಳೆದರೆ ಭುಜ ಸೀಳುತ್ತದೆಂಬುದು ಕಾಣುತ್ತಿದೆ, ಇಳಿಬಿಟ್ಟು ಮತ್ತೆ ಸಿಕ್ಕಿಸಲು ಹೊತ್ತಿಲ್ಲ. ಎಳೀರಿ ಎಂದು ಹೇಳಬೇಕಾದವಳು ಅವಳೇ. ಅವನು ಉಳಿದ ಮೇಲೂ ಆ ಕೈ ಮೇಲೇಳದಿದ್ದರೆ, ಮನೆಯವರು ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ ಎಂಬಲ್ಲಿಂದ ಇನ್ನೊಂದು ಕಥೆಯೇ ಆರಂಭವಾಗಬಹುದು.

ಕರಡು ಮುಗಿದ ಮೇಲೆ ಅಪಾಯದ ದೃಶ್ಯವನ್ನು ಬೇರೆ ಹಾಳೆಗೆ ತೆಗೆದುಕೊಂಡು ಹೀಗೆ ತಿದ್ದಿ. ಪಾತ್ರದ ಬುದ್ಧಿಯನ್ನು ಹೊಗಳುವ ಪದಗಳನ್ನೆಲ್ಲ ಹೊಡೆದುಹಾಕಿ, ಆಮೇಲೂ ಪಾತ್ರ ಜಾಣವಾಗಿ ಕಾಣುತ್ತದೆಯೇ ನೋಡಿ. ಪಾತ್ರ ಬಳಸಿದ ಪ್ರತಿಯೊಂದು ವಸ್ತುವಿಗೂ, ಪ್ರತಿಯೊಂದು ತಿಳಿವಳಿಕೆಗೂ ಅದು ಮೊದಲು ಬಂದ ಪುಟದ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಸಂಖ್ಯೆ ಬರೆಯಲಾಗದ ಕಡೆ ಮೋಸವಿದೆ, ಹಿಂದಿನ ಪುಟಗಳಿಗೆ ಹೋಗಿ ಅದನ್ನು ಬೇರೊಂದು ಕೆಲಸದ ನೆಪದಲ್ಲಿ ಇಟ್ಟುಬನ್ನಿ. ಕೊನೆಗೆ ದೃಶ್ಯವನ್ನು ಆ ಅಪಾಯವನ್ನು ಕಸುಬಿನಿಂದ ಬಲ್ಲವರೊಬ್ಬರಿಗೆ ಓದಿಸಿ: ಬಾವಿಯಾದರೆ ಬಾವಿ ತೋಡುವವರಿಗೆ, ಹಾವಾದರೆ ತಾಲ್ಲೂಕು ಆಸ್ಪತ್ರೆಯ ನರ್ಸಿಗೆ. ಕಥೆ ಹೇಗಿದೆಯೆಂದು ಅವರನ್ನು ಕೇಳಬೇಡಿ. ನೀವಾಗಿದ್ದರೆ ಈ ಜಾಗದಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ.